ಒಂದು ಜನನ ಪ್ರಮಾಣಪತ್ರ ಮತ್ತು ಒಹಾಯೊ ರಾಜ್ಯದ ನಿಷೇಧ: ನನ್ನ ಅನುಭವ

ಜೂನ್ 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ವಿಂಡ್ಸರ್ ತೀರ್ಪಿನ ನಂತರ ಫೆಡರಲ್ (ಕೇಂದ್ರ) ಸರ್ಕಾರ ಸಲಿಂಗ ವಿವಾಹಗಳನ್ನು ಮಾನ್ಯ ಮಾಡತೊಡಗಿತಾದರೂ, 2004ರಲ್ಲಿ ಸುಮಾರು ಶೇ 62ರಷ್ಟು ಮತಗಳಿಂದ ತನ್ನ ರಾಜ್ಯ ಸಂವಿಧಾನಕ್ಕೆ ಸೇರಿಸಿಕೊಂಡ ನಿಷೇಧವನ್ನು ಒಹಾಯೊ ಬಿಟ್ಟಿರಲಿಲ್ಲ. ಆ ರಾಜ್ಯದ ಕೊಲಂಬಸ್‌ನಲ್ಲಿ ಕೌಟುಂಬಿಕ ವ್ಯಾಜ್ಯಗಳನ್ನಷ್ಟೇ ನಡೆಸುತ್ತಿದ್ದ ನನ್ನ ಬಳಿಗೆ ಇಬ್ಬರು ಗಂಡಸರು ಬಂದರು. ಅವರಲ್ಲೊಬ್ಬರು ಶಿವಮೊಗ್ಗದ ಕಡೆಯವರು. ನ್ಯೂಯಾರ್ಕಿನಲ್ಲಿ ಮದುವೆಯಾಗಿದ್ದ ಅವರು ಒಹಾಯೊದಲ್ಲಿ ಹುಟ್ಟಿದ ಮಗುವನ್ನು ನ್ಯೂಯಾರ್ಕಿನ ನ್ಯಾಯಾಲಯದ ಮೂಲಕ ದತ್ತು ಪಡೆದಿದ್ದರು. ಹೊಸ ಜನನ ಪ್ರಮಾಣಪತ್ರದಲ್ಲಿ ಒಬ್ಬ ತಂದೆಯ ಹೆಸರು ಮಾತ್ರ ಬರುತ್ತದೆಂದು ಒಹಾಯೊದ ಜನನ ದಾಖಲೆಗಳ ಕಚೇರಿಯವರು ಹೇಳಿದ್ದರು.

ನನ್ನ ಮೊದಲ ಕರಡು ಸುಮಾರು 45 ಪುಟಗಳ ಭಾಷಣವಾಗಿತ್ತು. ಮದುವೆಯ ಹಕ್ಕನ್ನೇ ಕೇಳಿದ್ದ ಆ ಅರ್ಜಿಯನ್ನು ಓದಿದ ಹಿರಿಯ ವಕೀಲರೊಬ್ಬರು ಏನನ್ನೂ ಹೇಳದೆ, ಫೆಡರಲ್ ಕಾನೂನಿನ ಮಹತ್ವದ ಪ್ರಶ್ನೆಯೇನೂ ಇಲ್ಲವೆಂದು 1972ರಲ್ಲಿ ಸುಪ್ರೀಂ ಕೋರ್ಟ್ ಒಂದೇ ಸಾಲಿನಲ್ಲಿ ವಜಾ ಮಾಡಿದ ಇಬ್ಬರು ಗಂಡಸರ ಮದುವೆಯ ಕುರಿತ ಬೇಕರ್ ಪ್ರಕರಣದ ಆದೇಶವನ್ನು ಮೇಜಿನ ಮೇಲಿಟ್ಟರು. ಎರಡನೆಯ ಕರಡಿನಲ್ಲಿ, ಒಂದು ರಾಜ್ಯದ ದಾಖಲೆಯನ್ನು ಇನ್ನೊಂದು ರಾಜ್ಯ ಗೌರವಿಸಬೇಕೆಂಬ ವಾದವನ್ನೇ ನೆಚ್ಚಿಕೊಂಡೆ. ದತ್ತಿನ ಆದೇಶದ ಮಟ್ಟಿಗೆ ಅದು ಗಟ್ಟಿಯಾದ ವಾದ, ಮದುವೆಯ ಮಟ್ಟಿಗೆ ಜಾಳು.

ಮೂರನೆಯ ಕರಡಿನಲ್ಲಿ ನಾನು ಕೇಳಿದ್ದು ಪ್ರಮಾಣಪತ್ರದಲ್ಲಿ ಇನ್ನೊಂದು ಹೆಸರನ್ನು ಮಾತ್ರ. ಒಹಾಯೊದಲ್ಲಿ ಸೋದರಮಾವನ ಮಗಳನ್ನು ಮದುವೆಯಾಗುವಂತಿಲ್ಲ, ಆದರೆ ಬೇರೆಡೆ ಹಾಗೆ ಮದುವೆಯಾಗಿ ಬಂದವರನ್ನು ಆ ರಾಜ್ಯ ದಂಪತಿಗಳೆಂದೇ ಒಪ್ಪುತ್ತದೆ. ನನ್ನ ತಂದೆ ಮದುವೆಯಾದದ್ದು ತಮ್ಮ ಸ್ವಂತ ಸೋದರಮಾವನ ಮಗಳನ್ನು. ಅವರಿಬ್ಬರೂ ಆರು ತಿಂಗಳು ನಮ್ಮ ಮನೆಯಲ್ಲಿದ್ದಾಗ ಅವರ ಮದುವೆಯನ್ನು ಯಾರೂ ಪ್ರಶ್ನಿಸಲಿಲ್ಲ. ಹಾಗಿದ್ದ ಮೇಲೆ ನನ್ನ ಕಕ್ಷಿದಾರರ ಮದುವೆಗೆ ಮಾತ್ರ ಬೇರೆ ಅಳತೆಗೋಲು ಏಕೆ? ಗಂಡನ ಮರಣ ಪ್ರಮಾಣಪತ್ರದಲ್ಲಿ ತನ್ನ ಹೆಸರು ಬರಬೇಕೆಂದು ಗಂಡಸೊಬ್ಬರು ಹೂಡಿದ ಪ್ರಕರಣದಲ್ಲಿ, ಅಂದರೆ ಮುಂದೆ ಓಬರ್ಗೆಫೆಲ್ ಎಂದು ಹೆಸರಾದ ಪ್ರಕರಣದಲ್ಲಿ, ಸಿನ್ಸಿನಾಟಿಯ ಫೆಡರಲ್ ನ್ಯಾಯಾಧೀಶರು ಜುಲೈ 2013ರಲ್ಲೇ ಈ ಅಂಶವನ್ನು ಎತ್ತಿದ್ದರು, ಆದ್ದರಿಂದ ಇದು ನನ್ನ ಆವಿಷ್ಕಾರವೇನಲ್ಲ. ಆದರೂ ಇದನ್ನು ನನ್ನಷ್ಟು ಮನೆಯೊಳಗಿನಿಂದ ಬಲ್ಲ ವಕೀಲರು ಆ ರಾಜ್ಯದಲ್ಲಿ ಹೆಚ್ಚು ಜನ ಇದ್ದಿರಲಾರರು.

ಬಾಯಿಮಾತಿನ ನಿರಾಕರಣೆಯನ್ನಷ್ಟೇ ನೆಚ್ಚಿ ಹೂಡಿದ ದಾವೆ ಗಟ್ಟಿಯಾಗುವುದಿಲ್ಲ. ಕಚೇರಿಯಿಂದ ಅದನ್ನು ಕಾರಣಸಹಿತ ಲಿಖಿತವಾಗಿ ಹೇಗೆ ಪಡೆದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಆ ಉಪಾಯ ಇನ್ನೂ ಬಳಕೆಯಲ್ಲಿದೆ.

ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಇವರು ಫೆಡರಲ್ ತೆರಿಗೆಯನ್ನು ಜಂಟಿಯಾಗಿಯೂ ರಾಜ್ಯದ ತೆರಿಗೆಯನ್ನು ಪ್ರತ್ಯೇಕವಾಗಿಯೂ ಸಲ್ಲಿಸಬೇಕಾಗಿತ್ತಾದ್ದರಿಂದ, ಆ ನಷ್ಟವನ್ನು ಲೆಕ್ಕ ಹಾಕಿಸಲು ಸುಮಾರು 600 ಡಾಲರ್ ಕೊಟ್ಟೆ. ಪ್ರತ್ಯೇಕವಾಗಿ ಸಲ್ಲಿಸಿದ್ದರಿಂದ ಅವರಿಗೆ ಸ್ವಲ್ಪ ಉಳಿತಾಯವೇ ಆಗಿತ್ತು! ಆ ಹಾಳೆ ಕಡತ ಸೇರಲಿಲ್ಲ.

ನ್ಯಾಯಾಲಯದ ಶುಲ್ಕ 400 ಡಾಲರ್, ನನ್ನ ದುಡಿಮೆ ಹೆಚ್ಚುಕಡಿಮೆ 230 ಗಂಟೆ. ಆ ವರ್ಷ ಕಚೇರಿಯ ಬಾಡಿಗೆ ಹುಟ್ಟಿದ್ದು ಎರಡು ವಿಚ್ಛೇದನ ಪ್ರಕರಣಗಳಿಂದ. ನವೆಂಬರ್ 6, 2014ರಂದು ಒಹಾಯೊ ಒಳಪಡುವ ಆರನೆಯ ಸರ್ಕ್ಯೂಟಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ 2–1ರಿಂದ ನಿಷೇಧಗಳನ್ನು ಎತ್ತಿಹಿಡಿದಾಗ ನನ್ನ ಪ್ರಕರಣವೂ ಅಲ್ಲಿಗೇ ನಿಂತಿತು, ಸಹೋದ್ಯೋಗಿಗಳು ಸಂತಾಪ ಸೂಚಿಸಿದರು. ನನಗೆ ಹಾಗೆ ಅನ್ನಿಸಿರಲಿಲ್ಲ. ತಮ್ಮ ನಿಷೇಧಗಳು ಕೆಳಗಿನ ನ್ಯಾಯಾಲಯಗಳಲ್ಲಿ ಬಿದ್ದದ್ದರ ವಿರುದ್ಧ ಯೂಟಾ, ವರ್ಜೀನಿಯಾ ಮೊದಲಾದ ಐದು ರಾಜ್ಯಗಳಿಂದ ಬಂದ ಮನವಿಗಳನ್ನು ಸುಪ್ರೀಂ ಕೋರ್ಟ್ ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಕೈಗೆತ್ತಿಕೊಳ್ಳದೆ ಬಿಟ್ಟಿತ್ತು. ಕೆಳಗಿನ ನ್ಯಾಯಾಲಯಗಳಲ್ಲಿ ಭಿನ್ನಮತ ಹುಟ್ಟಿದ ಮೇಲೆ ಅದು ಸುಮ್ಮನಿರಲಾರದೆಂದು ನಾನು ಆಗಲೇ ಹೇಳಿದ್ದೆ. ಜನವರಿ 2015ರಲ್ಲಿ ಅದು ಓಬರ್ಗೆಫೆಲ್ ಪ್ರಕರಣವನ್ನು ತೆಗೆದುಕೊಂಡಿತು. ಜೂನ್ 26ರಂದು 5–4ರ ತೀರ್ಪಿನಲ್ಲಿ ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಯ ಆಧಾರದ ಮೇಲೆ ರಾಜ್ಯಗಳ ನಿಷೇಧಗಳೆಲ್ಲ ಬಿದ್ದವು, ಬೇಕರ್ ಆದೇಶವೂ ರದ್ದಾಯಿತು.

ನಾಗರಿಕ ಹಕ್ಕುಗಳ ದಾವೆಯಲ್ಲಿ ಗೆದ್ದವರ ವಕೀಲರ ಶುಲ್ಕವನ್ನು ಎದುರು ಪಕ್ಷ ಭರಿಸಬೇಕೆಂಬ ಕಾನೂನಿನ ಪ್ರಕಾರ ನಾನೂ ಬಿಲ್ ಸಲ್ಲಿಸಿದೆ. ಚೌಕಾಸಿಯಾಗಿ ಮೂರರಲ್ಲಿ ಎರಡು ಪಾಲು ಕೈಸೇರಿತು. ಪ್ರಮಾಣಪತ್ರ ಬಂದಾಗ ಅದರಲ್ಲಿ ಇಬ್ಬರ ಹೆಸರೂ ಇದ್ದವು, ಆದರೆ ಶಿವಮೊಗ್ಗದವರ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ತಿದ್ದುಪಡಿಗೆಂದು ಮತ್ತೆ ಅದೇ ಕಚೇರಿಗೆ ಅರ್ಜಿ ಹಾಕಿದೆವು.