50 ಮಿಲಿಮೀಟರ್ ಲೆನ್ಸಿನಲ್ಲಿ ಮಂಗಳನ ಕಕ್ಷೆ: ನನ್ನ ಅನುಭವ

ಮಂಗಳನ ಕಕ್ಷೆಯನ್ನು ನನ್ನದೇ ಚಿತ್ರಗಳಿಂದ ಅಳೆಯುತ್ತೇನೆಂದು 2020ರ ಜುಲೈಯಲ್ಲಿ ಹೇಳಿದಾಗ, ವರ್ಷಗಳಿಂದ ಆಕಾಶ ನೋಡುತ್ತ ಬಂದ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಸಾಮಾನ್ಯ ಲೆನ್ಸಿನಲ್ಲಿ ಅಷ್ಟು ಸೂಕ್ಷ್ಮವಾದ ಅಳತೆ ದಕ್ಕದು ಎಂಬುದು ಒಬ್ಬರ ವಾದವಾದರೆ, ಭೂಮಿಯೇ ಓಡುತ್ತಿರುವಾಗ ಮಂಗಳನ ದೂರವನ್ನು ಕೋನಗಳಿಂದ ಮಾತ್ರ ತೆಗೆಯಲು ಹೋದರೆ ತಪ್ಪುಗಳು ಒಂದರ ಮೇಲೊಂದು ಬೆಳೆಯುತ್ತವೆ ಎಂಬುದು ಇನ್ನೊಬ್ಬರ ವಾದ. ಎರಡನೆಯವರ ಮಾತಿನಲ್ಲಿ ಸತ್ಯವಿತ್ತು. ಐದು ವರ್ಷ ಕಳೆದ ಮೇಲೆ ಈಗ ನನ್ನ ಕಾಗದದ ಮೇಲೆ ಏಳು ಬಿಂದುಗಳಿವೆ, ಅವುಗಳ ಮೂಲಕ ಹಾಯುವ ದೀರ್ಘವೃತ್ತವೂ ಇದೆ.

ಮೊದಲು ನಾನೂ ದೂರದರ್ಶಕವಿಲ್ಲದೆ ಆಗದೆಂದೇ ನಂಬಿ, ಎರಡು ತಿಂಗಳ ಸಂಬಳದಷ್ಟು ಹಣ ಸುರಿದು, ಮೋಟಾರು ಪೀಠದ ಸಮೇತ ಒಂದನ್ನು ಕೊಂಡಿದ್ದೆ. ಅದರ ನೋಟದ ಅಗಲ ಒಂದು ಡಿಗ್ರಿಗಿಂತ ಕಡಿಮೆ. ಮಂಗಳ ಸೊಗಸಾಗಿ ಕಾಣುತ್ತಿತ್ತು, ಆದರೆ ಅದರ ಸ್ಥಾನವನ್ನು ಅಳೆಯಲು ಪಕ್ಕದಲ್ಲಿ ಬೇಕಾದ ನಕ್ಷತ್ರಗಳು ಚೌಕಟ್ಟಿನೊಳಗೆ ಬರುತ್ತಲೇ ಇರಲಿಲ್ಲ. ಕೊನೆಗೆ ಅದನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ಬೆಲೆಗೆ ಮಾರಿ, ಮನೆಯಲ್ಲೇ ಇದ್ದ 50 ಮಿಲಿಮೀಟರ್ ಲೆನ್ಸಿಗೆ ಮರಳಿದೆ. ನನ್ನ ಕ್ಯಾಮೆರಾದಲ್ಲಿ ಈ ಲೆನ್ಸಿನ ಒಂದು ಪಿಕ್ಸೆಲ್ ಸುಮಾರು 16 ಕೋನಸೆಕೆಂಡಿಗೆ ಸಮ (ಒಂದು ಡಿಗ್ರಿಗೆ 60 ಕೋನನಿಮಿಷ, ಒಂದು ಕೋನನಿಮಿಷಕ್ಕೆ 60 ಕೋನಸೆಕೆಂಡು). ಮೂರು ಸೆಕೆಂಡಿನ ಎಕ್ಸ್‌ಪೋಶರ್ ಕೊಟ್ಟರೆ ನಕ್ಷತ್ರಗಳು ಎರಡು ಮೂರು ಪಿಕ್ಸೆಲ್ ಮಾತ್ರ ಎಳೆದುಕೊಳ್ಳುತ್ತವೆ, ಹತ್ತು ಸೆಕೆಂಡು ಕೊಟ್ಟರೆ ಒಂಬತ್ತು ಪಿಕ್ಸೆಲಿನ ಗೀಟು ಬೀಳುತ್ತದೆ. ಒಂದು ರಾತ್ರಿಯ ಇಪ್ಪತ್ತು ಚಿತ್ರಗಳ ಸರಾಸರಿ ತೆಗೆದರೆ ಮಂಗಳನ ಸ್ಥಾನ ಒಂದು ಕೋನನಿಮಿಷದೊಳಗೆ ನಿಲ್ಲುತ್ತದೆ. ಖಗೋಳವೀಕ್ಷಕ ಟೈಕೋ ಬ್ರಾಹೆಯ ಅಳತೆಗೂ ತನ್ನ ಲೆಕ್ಕಕ್ಕೂ ನಡುವೆ ಉಳಿದ ಎಂಟು ಕೋನನಿಮಿಷಗಳ ಅಂತರವೇ, ಗ್ರಹಚಲನೆಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರ್ ವೃತ್ತಾಕಾರದ ಕಕ್ಷೆಯನ್ನು ಕೈಬಿಡಲು ಕಾರಣವಾಯಿತೆಂಬುದನ್ನು ನೆನೆದರೆ, ಒಂದು ಕೋನನಿಮಿಷ ನನಗೆ ಧಾರಾಳವಾಗಿ ಸಾಕಾಗಿತ್ತು.

ವಿಧಾನ ಕೆಪ್ಲರನದೇ. ಮಂಗಳ 687 ದಿನಗಳಿಗೊಮ್ಮೆ ತನ್ನ ಕಕ್ಷೆಯ ಅದೇ ಜಾಗಕ್ಕೆ ಮರಳುತ್ತದೆ. ಅಷ್ಟರಲ್ಲಿ ಭೂಮಿಯ ಎರಡು ಸುತ್ತು ಮುಗಿಯಲು ಇನ್ನೂ ಸುಮಾರು 43 ದಿನ ಉಳಿದಿರುತ್ತದೆ. ಹಾಗಾಗಿ ಒಂದೇ ಜಾಗದಲ್ಲಿರುವ ಮಂಗಳವನ್ನು ಭೂಕಕ್ಷೆಯ ಎರಡು ಬೇರೆ ಬಿಂದುಗಳಿಂದ ನೋಡಿದಂತಾಗುತ್ತದೆ, ಎರಡು ನೋಟದ ಗೆರೆಗಳು ಕತ್ತರಿಸುವಲ್ಲಿ ಮಂಗಳ ಇರುತ್ತದೆ. ಹೇಳುವುದು ಇಷ್ಟು ಸುಲಭ.

ನಾನು ಆರಿಸಿಕೊಂಡ ಮೊದಲ ಜೋಡಿಯೇ ನನ್ನನ್ನು ಕೆಡವಿತು. 2020ರ ಆಗಸ್ಟ್ 3ರಂದು ಮಂಗಳ ಸೂರ್ಯನಿಗೆ ಅತಿ ಸಮೀಪದ ಬಿಂದುವಿನಲ್ಲಿತ್ತು. ಅಲ್ಲಿಂದಲೇ ಆರಂಭಿಸುವುದು ಚೆಂದವೆಂದು ಚಿತ್ರ ತೆಗೆದು, 687 ದಿನ ಕಾದು, 2022ರ ಜೂನ್ 21ರ ನಸುಕಿನಲ್ಲಿ ಎರಡನೆಯ ಚಿತ್ರ ತೆಗೆದೆ. ಎರಡನ್ನೂ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ತೆರೆದಾಗ ಮೀನ ರಾಶಿಯ ಅದೇ ನಕ್ಷತ್ರಗಳ ನಡುವೆ, ಹೆಚ್ಚುಕಡಿಮೆ ಅದೇ ಜಾಗದಲ್ಲಿ ಮಂಗಳ ಕುಳಿತಿತ್ತು. ಎರಡು ನೋಟಗಳ ನಡುವಿನ ವ್ಯತ್ಯಾಸ ಒಂದು ಡಿಗ್ರಿಯೂ ಇರಲಿಲ್ಲ. ಭೂಮಿಯ ಎರಡು ಸ್ಥಾನಗಳೂ ಮಂಗಳವೂ ಬಹುತೇಕ ಒಂದೇ ಸಾಲಿನಲ್ಲಿ ನಿಂತಿದ್ದವು, ಗೆರೆಗಳು ಎಲ್ಲಿ ಕತ್ತರಿಸುತ್ತವೆ ಎಂದು ಹೇಳಲು ಸಾಧ್ಯವೇ ಇರಲಿಲ್ಲ. ಸುಮಾರು ಎರಡು ವರ್ಷದ ಕಾಯುವಿಕೆ ಹೀಗೆ ವ್ಯರ್ಥವಾಯಿತು. ಕಾಗದದ ಮೇಲೆ ಭೂಮಿಯ ಎರಡು ಸ್ಥಾನಗಳನ್ನು ಮೊದಲೇ ಗುರುತಿಸಿ ನೋಡಿದ್ದರೆ ಹತ್ತು ನಿಮಿಷದಲ್ಲಿ ತಿಳಿಯುತ್ತಿದ್ದ ಸಂಗತಿಯಿದು. ಅಂದಿನಿಂದ ಯಾವ ಜೋಡಿಯನ್ನೂ ಗೆರೆಗಳ ನಡುವಿನ ಕೋನ ಲೆಕ್ಕ ಹಾಕದೆ ಆರಂಭಿಸಿಲ್ಲ. ಆ ಜೂನ್ ಚಿತ್ರವನ್ನು ಮುಂದೆ 2024ರ ಮೇ 8ರ ಚಿತ್ರದೊಂದಿಗೆ ಸೇರಿಸಿದಾಗ ಗೆರೆಗಳ ನಡುವೆ 14 ಡಿಗ್ರಿಯ ಛೇದ ಸಿಕ್ಕಿ, ಸೂರ್ಯನಿಂದ ಮಂಗಳನ ದೂರ 1.38 ಖಗೋಳಮಾನವೆಂದು ಬಂತು (ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರವೇ ಒಂದು ಖಗೋಳಮಾನ).

2020ರ ಅಕ್ಟೋಬರ್ 13ರ ವಿಯುತಿ, ಅಂದರೆ ಭೂಮಿಯಿಂದ ನೋಡಿದಾಗ ಮಂಗಳ ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲಿರುವ ದಿನ, ಮಾತ್ರ ಮೊದಲಿನಿಂದಲೂ ಕೈಹಿಡಿಯಿತು. ಅಂದು ಮಂಗಳದ ಕಾಂತಿಮಾನ −2.6 (ಈ ಅಂಕಿ ಇಳಿದಷ್ಟೂ ಹೊಳಪು ಹೆಚ್ಚು) ಇದ್ದುದರಿಂದ ಚಿತ್ರದಲ್ಲಿ ಅದು ಹದಿನೈದು ಪಿಕ್ಸೆಲ್ ಅಗಲದ ಬಿಳಿ ಉಂಡೆಯಾಗಿ ಹರಡಿತ್ತು. ಅಂಥ ಉಂಡೆಯ ನಡುವನ್ನು ಹೇಗೆ ಹಿಡಿಯುತ್ತೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಕೈಗೂಡಲು ನನಗೆ ಒಂದು ವರ್ಷ ಹಿಡಿದಿದೆ, ಎಕ್ಸ್‌ಪೋಶರ್ ಒಂದೇ ಇರಬೇಕಿಲ್ಲ ಎಂಬಷ್ಟನ್ನು ಮಾತ್ರ ಹೇಳುತ್ತೇನೆ. ಅದರ ಜೊತೆಗಾರ ದಿನ 2022ರ ಆಗಸ್ಟ್ 31. ಅಂದು ಮಂಗಳ ಕೃತ್ತಿಕೆಗೂ ರೋಹಿಣಿಗೂ ನಡುವೆ ಇತ್ತು. ಗೆರೆಗಳು 45 ಡಿಗ್ರಿಯಲ್ಲಿ ಕತ್ತರಿಸಿ 1.42 ಖಗೋಳಮಾನ ಬಂದಾಗ, ನಡುರಾತ್ರಿ ದಾಟಿದ್ದರೂ ಗೆಳೆಯರೊಬ್ಬರಿಗೆ ಕರೆ ಮಾಡಿದೆ.

2022ರ ಡಿಸೆಂಬರ್ 8ರ ವಿಯುತಿಯ ದಿನವೇ ಹುಣ್ಣಿಮೆಯೂ ಬಂತು. ಭೂಮಿಯ ಕೆಲವು ಭಾಗಗಳಲ್ಲಿ ಚಂದ್ರ ಮಂಗಳವನ್ನು ಮರೆಮಾಡಿಯೇ ಬಿಟ್ಟಿದ್ದ. ನನ್ನ ಚಿತ್ರಗಳಲ್ಲಿ ಚಂದ್ರನ ಬೆಳಕು ಸುತ್ತಲಿನ ನಕ್ಷತ್ರಗಳನ್ನೆಲ್ಲ ನುಂಗಿಹಾಕಿತ್ತು. ಹಿಂದಿನ ಮತ್ತು ಮುಂದಿನ ಮೂರು ನಾಲ್ಕು ರಾತ್ರಿಗಳ ಸ್ಥಾನಗಳನ್ನು ಹಾಳೆಯಲ್ಲಿ ಗುರುತಿಸಿ, ನಡುವಿನ ದಿನದ ಸ್ಥಾನವನ್ನು ವಕ್ರರೇಖೆಯಿಂದ ಓದಿಕೊಂಡೆ. ಮೋಡ ಕವಿದ ದಿನಗಳಿಗೂ ಇದೇ ಉಪಾಯ. 687ನೆಯ ದಿನವೇ ಆಕಾಶ ತಿಳಿಯಾಗಿರಬೇಕೆಂದು ಹಠ ಹಿಡಿದವರಿಗೆ ಈ ಕೆಲಸ ಎಂದಿಗೂ ಮುಗಿಯದು.

ಇಷ್ಟೆಲ್ಲಕ್ಕೂ ಭೂಮಿಯ ಸ್ಥಾನ ಸರಿಯಾಗಿ ತಿಳಿದಿರಬೇಕು. ಆರಂಭದಲ್ಲಿ ಭೂಮಿ ವೃತ್ತದಲ್ಲಿ ಸಮವೇಗದಿಂದ ಸುತ್ತುತ್ತದೆ ಎಂದುಕೊಂಡೇ ಲೆಕ್ಕ ಮಾಡಿದ್ದೆ. ಇದರಿಂದ ವರ್ಷದ ಕೆಲವು ಕಾಲದಲ್ಲಿ ಸುಮಾರು ಎರಡು ಡಿಗ್ರಿಯ ತಪ್ಪು ನುಸುಳುತ್ತದೆ. ಕೋಷ್ಟಕದಿಂದ ಸಿದ್ಧ ಅಂಕಿಗಳನ್ನು ಎತ್ತಿಕೊಳ್ಳಬಹುದಿತ್ತು, ಆದರೆ ಕಕ್ಷೆಯನ್ನು ನಾನೇ ಅಳೆದೆನೆಂದು ಹೇಳಬೇಕಾದರೆ ಅದೂ ನನ್ನದೇ ಅಳತೆಯಾಗಿರಬೇಕೆನಿಸಿತು. 300 ಮಿಲಿಮೀಟರ್ ಲೆನ್ಸಿನ ಮುಂದೆ ಸೂರ್ಯವೀಕ್ಷಣೆಗೆಂದೇ ಮಾಡಿದ ಫಿಲ್ಟರ್ ಕೂರಿಸಿ, ವರ್ಷಪೂರ್ತಿ ವಾರಕ್ಕೊಮ್ಮೆ ಸೂರ್ಯಬಿಂಬದ ಚಿತ್ರ ತೆಗೆದೆ. ಬಿಂಬದ ವ್ಯಾಸ ಜುಲೈ ಆರಂಭದಲ್ಲಿ ಸುಮಾರು 687 ಪಿಕ್ಸೆಲ್, ಜನವರಿ ಆರಂಭದಲ್ಲಿ ಸುಮಾರು 710. ಈ ಶೇಕಡಾ ಮೂರಕ್ಕಿಂತ ತುಸು ಹೆಚ್ಚಿನ ವ್ಯತ್ಯಾಸದಿಂದ ಭೂಕಕ್ಷೆಯ ಉತ್ಕೇಂದ್ರತೆ (ಕಕ್ಷೆ ವೃತ್ತದಿಂದ ಎಷ್ಟು ದೂರ ಸರಿದಿದೆ ಎಂಬುದರ ಅಳತೆ, ವೃತ್ತಕ್ಕೆ ಅದು ಸೊನ್ನೆ) 0.017 ಎಂದು ಬಂತು. ಇಡೀ ಯತ್ನದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಅಂಕಿ ಇದೇ. ಅದೇ ಲೆನ್ಸನ್ನು ಎರಡು ತಿಂಗಳು ಗುರುವಿನತ್ತ ತಿರುಗಿಸಿ ನಾಲ್ಕು ದೊಡ್ಡ ಚಂದ್ರಗಳ ದೂರ ಮತ್ತು ಅವಧಿಗಳನ್ನೂ ಅಳೆದೆ. ಕೆಪ್ಲರನ ಮೂರನೆಯ ನಿಯಮ ಹೇಳುವಂತೆ, ಅವಧಿಯ ವರ್ಗಕ್ಕೂ ದೂರದ ಘನಕ್ಕೂ ಇರುವ ಅನುಪಾತ ನಾಲ್ಕರಲ್ಲೂ ಶೇಕಡಾ ಕೆಲವರೊಳಗೆ ಹೊಂದಿತು. ನಾಲ್ಕರಲ್ಲಿ ಗುರುವಿಗೆ ಅತಿ ಹತ್ತಿರದ ಚಂದ್ರ ಅಯೋ ಗುರುವಿನ ಪ್ರಖರತೆಯಲ್ಲಿ ಮುಚ್ಚಿಹೋಗದ ರಾತ್ರಿಗಳು ಸಿಗುವುದೇ ಅಲ್ಲಿ ಕಷ್ಟ.

ಭೂಮಿ ಸರಿಹೋದ ಮೇಲೂ ಒಂದು ಕಾಟ ಉಳಿದಿತ್ತು. ಮಂಗಳ ಸೂರ್ಯನಿಂದ ಅತಿ ದೂರವಿರುವ ಬಿಂದುವಿಗೆ ನನ್ನಲ್ಲಿದ್ದ ಜೋಡಿ 2023ರ ಮೇ 30 ಮತ್ತು 2025ರ ಏಪ್ರಿಲ್ 16. ಛೇದ ಕೇವಲ ಆರು ಡಿಗ್ರಿ ಚಿಲ್ಲರೆ. ದೂರ 1.69ರ ಹತ್ತಿರ ಬಂದು, ಉಳಿದ ಬಿಂದುಗಳೊಂದಿಗೆ ಹೊಂದಿಕೊಳ್ಳಲು ಒಪ್ಪಲಿಲ್ಲ. ಚಿತ್ರಗಳನ್ನು ಮೂರು ಬಾರಿ ಹೊಸದಾಗಿ ಅಳೆದರೂ ಅಂಕಿ ಕದಲಲಿಲ್ಲ. ಕಾರಣ ಚಿತ್ರಗಳಲ್ಲಿ ಇರಲೇ ಇಲ್ಲ. ಭೂಮಿಯ ಸ್ಥಾನವನ್ನು ನಾನು ಆಯಾ ವರ್ಷದ ವಿಷುವದ್ ಬಿಂದುವಿನಿಂದ (ಮಾರ್ಚಿನಲ್ಲಿ ಹಗಲಿರುಳು ಸಮನಾಗುವ ದಿನ ಸೂರ್ಯ ಇರುವ ಜಾಗ) ಎಣಿಸಿದ್ದೆ, ನಕ್ಷತ್ರಗಳ ಪಟ್ಟಿ ಮಾತ್ರ 2000ನೆಯ ಇಸವಿಯದಾಗಿತ್ತು. ಆ ಬಿಂದು ವರ್ಷಕ್ಕೆ ಸುಮಾರು 50 ಕೋನಸೆಕೆಂಡಿನಷ್ಟು ಸರಿಯುತ್ತದೆ, ಹೀಗಾಗಿ ಇಪ್ಪತ್ತೈದು ವರ್ಷಗಳಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಕೋನನಿಮಿಷದ ವ್ಯತ್ಯಾಸ ಕೂಡಿಕೊಂಡಿತ್ತು. 45 ಡಿಗ್ರಿಯಲ್ಲಿ ಕತ್ತರಿಸುವ ಗೆರೆಗಳಲ್ಲಿ ಈ ತಪ್ಪು ದೂರವನ್ನು ಮೂರನೆಯ ದಶಮಾಂಶದಲ್ಲಷ್ಟೇ ಅಲುಗಿಸಿದ್ದರಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪಟ್ಟಿಯನ್ನು ಆಯಾ ದಿನಕ್ಕೆ ತಿದ್ದಿದ ಕೂಡಲೇ ಆ ಬಿಂದು 1.67ಕ್ಕೆ ಇಳಿದು ಸಾಲಿನಲ್ಲಿ ನಿಂತಿತು.

ಏಳು ಬಿಂದುಗಳಿಂದ ಬಂದ ಅರ್ಧ ದೀರ್ಘಾಕ್ಷ, ಅಂದರೆ ದೀರ್ಘವೃತ್ತದ ಉದ್ದದ ಅರ್ಧ, 1.52 ಖಗೋಳಮಾನ, ಉತ್ಕೇಂದ್ರತೆ 0.09ಕ್ಕಿಂತ ಸ್ವಲ್ಪ ಹೆಚ್ಚು. ಸೂರ್ಯನಿಂದ ಗ್ರಹಕ್ಕೆ ಎಳೆದ ಗೆರೆ ಸಮಾನ ಕಾಲದಲ್ಲಿ ಸಮಾನ ಕ್ಷೇತ್ರಫಲ ಗುಡಿಸುತ್ತದೆ ಎಂಬ ಕೆಪ್ಲರನ ಕ್ಷೇತ್ರಫಲದ ನಿಯಮ ಅಂಕಿಗಳಲ್ಲಿ ಎದ್ದು ಕಾಣುತ್ತದೆ: ಸೂರ್ಯನ ಸಮೀಪದಲ್ಲಿ, 2020ರ ಆಗಸ್ಟ್ 3ರಿಂದ ಅಕ್ಟೋಬರ್ 13ರವರೆಗಿನ 71 ದಿನಗಳಲ್ಲಿ ಮಂಗಳ ಸೂರ್ಯನ ಸುತ್ತ 44 ಡಿಗ್ರಿಗೂ ಹೆಚ್ಚು ಸರಿದಿತ್ತು, ದೂರದ ತುದಿಯಲ್ಲಿ, 2025ರ ಜನವರಿ 16ರಿಂದ ಏಪ್ರಿಲ್ 16ರವರೆಗಿನ 90 ದಿನಗಳಲ್ಲಿ 40 ಡಿಗ್ರಿ ಮಾತ್ರ. ಎರಡು ತುಂಡುಗಳ ಕ್ಷೇತ್ರಫಲವನ್ನು ದಿನಗಳಿಂದ ಭಾಗಿಸಿದರೆ ಶೇಕಡಾ ಎರಡರೊಳಗೆ ಒಂದೇ ಅಂಕಿ ಬರುತ್ತದೆ. ಸೂರ್ಯ ಈ ಕಕ್ಷೆಯ ನಡುವಿನಿಂದ 0.14 ಖಗೋಳಮಾನದಷ್ಟು ಪಕ್ಕಕ್ಕಿರುವುದನ್ನು ಅಳತೆಪಟ್ಟಿ ಇಟ್ಟು ತೋರಿಸಬಲ್ಲೆ. ಆದರೆ ಕಕ್ಷೆಯ ಅಗಲ ಅದರ ಉದ್ದಕ್ಕಿಂತ ಶೇಕಡಾ ಅರ್ಧದಷ್ಟೂ ಕಡಿಮೆಯಿಲ್ಲ, ಅದು ನನ್ನ ಅಳತೆಯ ತಪ್ಪಿನ ಅಂಚಿನಲ್ಲೇ ಇದೆ; ವೃತ್ತವಲ್ಲ ಎಂಬುದನ್ನು ನನ್ನ ಏಳು ಬಿಂದುಗಳೇ ಸಾಧಿಸಿದವೆಂದು ನಾನು ಹೇಳುವುದಿಲ್ಲ.

ಅದಕ್ಕೆ ಬೇಕಾಗಿರುವುದು ದೂರದ ತುದಿಯ ಗಟ್ಟಿಯಾದ ಒಂದು ಬಿಂದು. 2025ರ ಏಪ್ರಿಲ್ 16ರಿಂದ 687 ದಿನ ಎಣಿಸಿದರೆ 2027ರ ಮಾರ್ಚ್ 4 ಬರುತ್ತದೆ. ಆ ವರ್ಷದ ವಿಯುತಿ ಫೆಬ್ರವರಿ 19ರಂದು, ಆದ್ದರಿಂದ ಮಂಗಳ ಇರುಳಿಡೀ ಕಾಣುತ್ತದೆ. ಗೆರೆಗಳು 26 ಡಿಗ್ರಿಯಲ್ಲಿ ಕತ್ತರಿಸುತ್ತವೆ ಎಂದು ಈ ಬಾರಿ ಮೊದಲೇ ಲೆಕ್ಕ ಹಾಕಿಟ್ಟಿದ್ದೇನೆ.