ಪಾರ್ಕಿನ್ಸನ್ ಗುಳಿಗೆ ತಪ್ಪಿ ಹೆಚ್ಚಾದಾಗ ಮನೆಯವರು ಮಾಡಬೇಕಾದದ್ದು

ಪಾರ್ಕಿನ್ಸನ್ ಕಾಯಿಲೆ ಇರುವವರು ದಿನಕ್ಕೆ ಮೂರರಿಂದ ಆರು ಹೊತ್ತು ಗುಳಿಗೆ ನುಂಗಬೇಕಾಗುತ್ತದೆ. ಮಗ ಹೊಲಕ್ಕೆ ಹೋಗುವ ಮೊದಲು ಕೊಟ್ಟ ಗುಳಿಗೆಯನ್ನೇ ಸೊಸೆ ತಿಳಿಯದೆ ಮತ್ತೊಮ್ಮೆ ಕೊಡುವುದು, ಅಥವಾ ಹಿರಿಯರೇ ಮರೆತು ಎರಡನೆಯ ಸಲ ನುಂಗುವುದು ಯಾವ ಮನೆಯಲ್ಲಾದರೂ ನಡೆಯಬಹುದು. ಅಂಥ ಹೊತ್ತಿನಲ್ಲಿ ಎಷ್ಟು ಗುಳಿಗೆ ಹೋಯಿತು ಎನ್ನುವಷ್ಟೇ ಯಾವ ಗುಳಿಗೆ ಹೋಯಿತು ಎನ್ನುವುದೂ ಮುಖ್ಯ. ಈ ಕಾಯಿಲೆಯ ಔಷಧಗಳಲ್ಲಿ ಒಂದು ಹೆಚ್ಚಾದರೆ ಕೆಲವು ಗಂಟೆಗಳ ತೊಂದರೆಯಲ್ಲಿ ಮುಗಿಯಬಹುದು, ಇನ್ನೊಂದು ಹೆಚ್ಚಾದರೆ ಜೀವಕ್ಕೇ ಕುತ್ತು ಬರಬಹುದು.

ಎಬ್ಬಿಸಿದರೂ ಕಣ್ಣು ತೆರೆಯದಷ್ಟು ಮಂಪರು, ಫಿಟ್ಸ್, ಉಸಿರಾಟದ ಕಷ್ಟ, ಎದೆನೋವು, ಎದೆಬಡಿತ ಬಹಳ ಜೋರಾಗುವುದು ಇಲ್ಲವೇ ತಾಳ ತಪ್ಪುವುದು, ಮೈ ಸುಡುವಂತೆ ಕಾದು ಮಾತು ಅಸಂಬದ್ಧವಾಗುವುದು, ಇವುಗಳಲ್ಲಿ ಒಂದೇ ಒಂದು ಕಂಡರೂ ಗುಳಿಗೆಯ ಲೆಕ್ಕ ಹಾಕುತ್ತ ಕೂರದೆ 108ಕ್ಕೆ ಕರೆ ಮಾಡಿ. ವಾಹನ ಬರುವವರೆಗೆ ರೋಗಿಯನ್ನು ಎಡ ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಾಯಿಗೆ ನೀರನ್ನೂ ಹಾಕಬೇಡಿ, ಒಬ್ಬರು ಪಕ್ಕದಲ್ಲೇ ಇದ್ದು ಉಸಿರು ನೋಡುತ್ತಿರಿ.

ಇಂಥ ಲಕ್ಷಣ ಇಲ್ಲದಿದ್ದರೆ ಮೊದಲು ಗುಳಿಗೆಯ ಸ್ಟ್ರಿಪ್ ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಖಾಲಿಯಾದ ಕುಳಿಗಳನ್ನು ಎಣಿಸಿ, ಆ ಸ್ಟ್ರಿಪ್ ಯಾವತ್ತು ಶುರುವಾಯಿತು ಎಂದು ನೆನಪಿಸಿಕೊಂಡರೆ ಎಷ್ಟು ಹೆಚ್ಚಾಗಿದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಸ್ಟ್ರಿಪ್ಪಿನ ಮೇಲಿನ ಸಂಖ್ಯೆಯನ್ನೂ ಸರಿಯಾಗಿ ಓದಬೇಕು. ಉದಾಹರಣೆಗೆ, ಸಿಂಡೋಪಾ ಎಂಬ ಗುಳಿಗೆಯಲ್ಲಿ ಈ ಕಾಯಿಲೆಯ ಮುಖ್ಯ ಔಷಧವಾದ ಲೆವೋಡೋಪಾ ಮತ್ತು ಅದಕ್ಕೆ ನೆರವಾಗುವ ಕಾರ್ಬಿಡೋಪಾ ಇರುತ್ತವೆ. ಸಿಂಡೋಪಾ 110 ಎಂದರೆ ಲೆವೋಡೋಪಾ 100 ಮಿಲಿಗ್ರಾಂ ಮತ್ತು ಕಾರ್ಬಿಡೋಪಾ 10 ಮಿಲಿಗ್ರಾಂ. 275 ಎಂದರೆ ಲೆವೋಡೋಪಾ 250 ಮತ್ತು ಕಾರ್ಬಿಡೋಪಾ 25. ಹೆಸರು ಒಂದೇ ಎಂದು 110ರ ಬದಲು 275 ಕೊಟ್ಟರೆ, ಗುಳಿಗೆ ಒಂದೇ ಆದರೂ ಲೆವೋಡೋಪಾ ಎರಡೂವರೆ ಪಟ್ಟು ಹೋದಂತೆ. ಹೆಸರಿನ ಮುಂದೆ ಸಿ.ಆರ್. ಎಂದಿದ್ದರೆ ಅದು ನಿಧಾನವಾಗಿ ಕರಗುವ ಗುಳಿಗೆ, ಅದರ ಪರಿಣಾಮ ತಡವಾಗಿ ಶುರುವಾಗಿ ಹೆಚ್ಚು ಹೊತ್ತು ಇರುತ್ತದೆ. ಇಷ್ಟನ್ನೂ, ನುಂಗಿದ ಸಮಯದೊಂದಿಗೆ, ಒಂದು ಚೀಟಿಯಲ್ಲಿ ಬರೆದುಕೊಂಡು ವೈದ್ಯರಿಗೆ ಫೋನ್ ಮಾಡಿ. ವೈದ್ಯರು ಸಿಗದಿದ್ದರೆ 104 ಆರೋಗ್ಯ ಸಹಾಯವಾಣಿ ಇದೆ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117.

ಲೆವೋಡೋಪಾ ಒಂದು ಹೊತ್ತಿನದು ಮಾತ್ರ ಹೆಚ್ಚಾಗಿದ್ದರೆ ಗಾಬರಿಯಾಗುವ ಕಾರಣ ಸಾಮಾನ್ಯವಾಗಿ ಕಡಿಮೆ. ಕಾರ್ಬಿಡೋಪಾ ಜೊತೆಗಿರುವಾಗಲೂ ರಕ್ತದಲ್ಲಿ ಅದರ ಪ್ರಮಾಣ ಸುಮಾರು ಒಂದೂವರೆ ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಆ ಅವಧಿಯಲ್ಲಿ ಓಕರಿಕೆ, ವಾಂತಿ, ತಲೆಸುತ್ತು, ಕೈಕಾಲು ಕುತ್ತಿಗೆ ತಾವಾಗಿಯೇ ಹೊರಳಾಡುವುದು, ಕೆಲವರಿಗೆ ಇಲ್ಲದವರು ಇದ್ದಂತೆ ಕಾಣುವುದು ಉಂಟಾಗಬಹುದು. ಎಲ್ಲಕ್ಕಿಂತ ಹೆಚ್ಚು ಜಾಗ್ರತೆ ಬೇಕಾದದ್ದು ರಕ್ತದೊತ್ತಡದ ವಿಷಯದಲ್ಲಿ. ಈ ಕಾಯಿಲೆಯಲ್ಲಿ ಎದ್ದು ನಿಂತಾಗ ಬಿ.ಪಿ. ಇಳಿಯುವುದು ಮೊದಲೇ ಇರುವ ತೊಂದರೆ. ಔಷಧ ಹೆಚ್ಚಾದಾಗ ಅದು ಇನ್ನಷ್ಟು ಇಳಿಯುತ್ತದೆ, ಸೊಂಟ ಮುರಿಯುವುದು ಹೀಗೆ ಬಿದ್ದಾಗಲೇ. ಆದ್ದರಿಂದ ಹಿರಿಯರನ್ನು ಮಲಗಿಸಿ, ಏಳಬೇಕಾದರೆ ಮೊದಲು ಕುಳ್ಳಿರಿಸಿ, ನಂತರ ಆಸರೆ ಕೊಟ್ಟು ಎಬ್ಬಿಸಿ, ಬಚ್ಚಲಿಗೆ ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿ ಬಿ.ಪಿ. ಯಂತ್ರ ಇದ್ದರೆ ಮಲಗಿದಾಗ ಒಮ್ಮೆ, ನಿಲ್ಲಲು ಆಗುವುದಾದರೆ ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಿ. ಮೇಲಿನ ಅಂಕಿ 20ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವೈದ್ಯರಿಗೆ ತಿಳಿಸಿ. ಒಂದು ಹೊತ್ತಿಗಿಂತ ಹೆಚ್ಚು ಹೋಗಿದ್ದರೆ, ಎಷ್ಟು ಹೋಗಿದೆ ಎಂದು ಗೊತ್ತಾಗದಿದ್ದರೆ, ಅಥವಾ ಹೃದಯದ ಇಲ್ಲವೇ ಮೂತ್ರಪಿಂಡದ ಕಾಯಿಲೆ ಇದ್ದರೆ, ಲಕ್ಷಣ ಕಾಣುವವರೆಗೆ ಕಾಯದೆ ಆಸ್ಪತ್ರೆಗೆ ಹೋಗುವುದೇ ಸರಿ.

ಪ್ಯಾಸಿಟೇನ್ ಎಂಬ ಹೆಸರಿನಲ್ಲಿ ಸಿಗುವ ಟ್ರೈಹೆಕ್ಸಿಫೆನಿಡಿಲ್ ವಿಷಯದಲ್ಲಿ ನನಗೆ ಹೆಚ್ಚು ಆತಂಕವಿದೆ. ಸಣ್ಣ ಗುಳಿಗೆ, ಅಗ್ಗದ ಗುಳಿಗೆ ಎಂದು ಅದನ್ನು ಯಾರೂ ಗಂಭೀರವಾಗಿ ಎಣಿಸುವುದಿಲ್ಲ. ಅದು ಹೆಚ್ಚಾದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಮೂತ್ರ ಕಟ್ಟುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹಿರಿಯರು ಹಾಸಿಗೆ ಬಟ್ಟೆಯನ್ನು ಕೀಳುತ್ತ, ಇಲ್ಲದ ವಸ್ತುವನ್ನು ಗಾಳಿಯಲ್ಲಿ ಹಿಡಿಯಲು ಹೋಗುತ್ತ ಬಡಬಡಿಸಬಹುದು. ಬೆವರು ನಿಂತುಹೋಗುವುದರಿಂದ ಮೈ ಕಾಯುತ್ತದೆ. ವಿಜಯಪುರ, ಬಾಗಲಕೋಟೆಯ ಏಪ್ರಿಲ್-ಮೇ ಬಿಸಿಲಿನಲ್ಲಿ, ಪತ್ರಾಸಿನ ಕೆಳಗಿನ ಕೋಣೆಯಲ್ಲಿ ಮಲಗಿದವರಿಗೆ ಇದು ಬಹುಬೇಗ ಅಪಾಯದ ಮಟ್ಟಕ್ಕೆ ಹೋಗುತ್ತದೆ. ತಣ್ಣೀರ ಬಟ್ಟೆಯಿಂದ ಮೈ ಒರೆಸುತ್ತ, ಫ್ಯಾನ್ ಹಾಕಿ, ತಡಮಾಡದೆ ಹೊರಡಿ. ಅಮಂಟಡೀನ್ 100 ಮಿಲಿಗ್ರಾಂ ಗುಳಿಗೆಯೂ ಇಷ್ಟೇ ಗಂಭೀರ: 1 ಗ್ರಾಂ, ಅಂದರೆ ಹತ್ತೇ ಗುಳಿಗೆಗಳಷ್ಟು ಪ್ರಮಾಣದಲ್ಲಿ ಸಾವು ವರದಿಯಾಗಿದೆ. ಹೃದಯದ ಬಡಿತ ಕೆಡಿಸುವ, ಫಿಟ್ಸ್ ತರುವ ಈ ಔಷಧ ಮೂತ್ರಪಿಂಡ ದುರ್ಬಲವಾದವರ ಮೈಯಲ್ಲಿ ಬಹಳ ಕಾಲ ಉಳಿಯುತ್ತದೆ.

ಪ್ರಾಮಿಪೆಕ್ಸಾಲ್, ರೋಪಿನಿರೋಲ್ ಹೆಚ್ಚಾದರೆ ವಾಂತಿ, ಕಡಿಮೆ ಬಿ.ಪಿ., ಭ್ರಮೆ ಮತ್ತು ತಡೆಯಲಾಗದ ನಿದ್ದೆ ಬರುತ್ತವೆ. ಪ್ರಾಮಿಪೆಕ್ಸಾಲ್ 0.125, 0.25, 0.5, 1 ಮಿಲಿಗ್ರಾಂ ಹೀಗೆ ಬರುವುದರಿಂದ ಬಿಂದುವಿನ ಮುಂದಿನ ಅಂಕಿ ತಪ್ಪಿ ಓದುವುದೇ ಇಲ್ಲಿ ದೊಡ್ಡ ಅಪಾಯ. ರಸಾಜಿಲೀನ್, ಸೆಲೆಜಿಲೀನ್ ಹೆಚ್ಚಾಗಿದ್ದರೆ ಹಿರಿಯರು ಆರಾಮಾಗಿ ಕುಳಿತಿದ್ದಾರೆಂದು ಸುಮ್ಮನಾಗಬೇಡಿ, ಏಕೆಂದರೆ ಲಕ್ಷಣ ಕಾಣಲು 12 ಗಂಟೆಯವರೆಗೆ ಹಿಡಿಯಬಹುದು.

ಮನೆಯಲ್ಲಿ ಒಳ್ಳೆಯ ಉದ್ದೇಶದಿಂದಲೇ ಮಾಡುವ ಕೆಲವು ಕೆಲಸಗಳು ಕೆಡುಕು ಮಾಡುತ್ತವೆ. ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು. ಪಾರ್ಕಿನ್ಸನ್ ಇರುವವರಲ್ಲಿ ನುಂಗುವ ಸ್ನಾಯುಗಳು ನಿಧಾನವಾಗಿರುತ್ತವೆ. ವಾಂತಿ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಹಾಲು, ಮಜ್ಜಿಗೆ, ನಿಂಬೆರಸ ಇವು ಯಾವುವೂ ಔಷಧದ ಶಕ್ತಿಯನ್ನು ಮುರಿಯುವುದಿಲ್ಲ. ವಾಂತಿ ನಿಲ್ಲಲೆಂದು ಊರಿನ ದವಾಖಾನೆಯಲ್ಲಿ ಸುಲಭವಾಗಿ ಕೊಡುವ ಮೆಟೊಕ್ಲೊಪ್ರಮೈಡ್ ಇಂಜೆಕ್ಷನ್, ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜೀನ್, ಬಡಬಡಿಕೆ ನಿಲ್ಲಿಸಲು ಕೊಡುವ ಹ್ಯಾಲೊಪೆರಿಡಾಲ್, ಈ ಮೂರೂ ಮಿದುಳಿನಲ್ಲಿ ಡೋಪಮೈನ್ ಎಂಬ, ಮೈಯ ಚಲನೆಗೆ ಬೇಕಾದ ರಾಸಾಯನಿಕದ ಕೆಲಸವನ್ನು ತಡೆದು ಪಾರ್ಕಿನ್ಸನ್ ಲಕ್ಷಣಗಳನ್ನು ಉಲ್ಬಣಗೊಳಿಸುತ್ತವೆ. ತುರ್ತು ವಿಭಾಗದ ವೈದ್ಯರಿಗೆ ಇದು ಗೊತ್ತಿರುತ್ತದೆ, ಆದರೆ ಎದುರಿಗಿರುವುದು ಪಾರ್ಕಿನ್ಸನ್ ರೋಗಿ ಎಂಬುದು ಗೊತ್ತಿರಬೇಕಷ್ಟೆ. ಆದ್ದರಿಂದ ಬಾಗಿಲಲ್ಲೇ ಮೊದಲ ಮಾತಾಗಿ ಅದನ್ನು ಹೇಳಿ. ರಸಾಜಿಲೀನ್ ಅಥವಾ ಸೆಲೆಜಿಲೀನ್ ನುಂಗುವವರಾದರೆ ನೋವಿಗೆ ಟ್ರಮಡಾಲ್, ಪೆಥಿಡಿನ್, ಕೆಮ್ಮಿಗೆ ಡೆಕ್ಸ್ಟ್ರೊಮೆಥಾರ್ಫಾನ್ ಕೂಡದೆಂಬುದನ್ನೂ ಹೇಳಬೇಕು.

ಬೆಳಗಾವಿಯಲ್ಲಿ ಬಿಮ್ಸ್ ಜಿಲ್ಲಾ ಆಸ್ಪತ್ರೆ ಮತ್ತು ಕೆ.ಎಲ್.ಇ.ಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ, ಬಾಗಲಕೋಟೆಯ ನವನಗರದಲ್ಲಿ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ ಮತ್ತು ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವೆ. ಇಂಡಿ, ಸಿಂದಗಿ, ಜಮಖಂಡಿ, ಅಥಣಿ, ಗೋಕಾಕದ ಕಡೆಯವರು ದೊಡ್ಡ ಆಸ್ಪತ್ರೆಗೇ ಹೋಗುತ್ತೇವೆಂದು ಹೊತ್ತು ಕಳೆಯುವ ಬದಲು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಿ.ಪಿ., ಇ.ಸಿ.ಜಿ. ನೋಡಿಸಿಕೊಂಡು, ಬೇಕಾದರೆ ಅಲ್ಲಿಂದ ಆಂಬ್ಯುಲೆನ್ಸಿನಲ್ಲೇ ಮುಂದೆ ಹೋಗಲಿ ಎಂಬುದು ನನ್ನ ಅಭಿಪ್ರಾಯ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಕರೆದೊಯ್ಯುವುದು ಬೇಡ. ದಾರಿಯಲ್ಲಿ ಎಚ್ಚರ ತಪ್ಪಿದರೆ ಹಿಡಿದುಕೊಳ್ಳಲಾಗುವುದಿಲ್ಲ. ಎಲ್ಲ ಸ್ಟ್ರಿಪ್‌ಗಳನ್ನು, ಖಾಲಿಯಾದವನ್ನೂ ಸೇರಿಸಿ, ಸಕ್ಕರೆ ಕಾಯಿಲೆಯ ಮತ್ತು ಬಿ.ಪಿ.ಯ ಗುಳಿಗೆಗಳೊಂದಿಗೆ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ.

ಅಪಾಯ ಕಳೆದ ಮೇಲೆ ಹೆದರಿ ಎಲ್ಲ ಗುಳಿಗೆಯನ್ನೂ ನಿಲ್ಲಿಸಿಬಿಡುವ ಮನೆಗಳಿವೆ. ಇದು ಮೊದಲಿನ ತಪ್ಪಿಗಿಂತ ಅಪಾಯಕಾರಿಯಾಗಬಹುದು. ಲೆವೋಡೋಪಾ ಥಟ್ಟನೆ ನಿಂತರೆ ಮೈ ಮರಗಟ್ಟಿದಂತೆ ಬಿಗಿದು, ಜ್ವರ ಏರಿ, ಪ್ರಜ್ಞೆ ಮಸುಕಾಗುವ ಸ್ಥಿತಿ ಬರಬಹುದು. ಅದಕ್ಕೆ ತೀವ್ರ ನಿಗಾ ಘಟಕವೇ ಬೇಕಾಗುತ್ತದೆ. ಮುಂದಿನ ಹೊತ್ತಿನದನ್ನು ಬಿಡಬೇಕೇ, ತಡವಾಗಿ ಕೊಡಬೇಕೇ, ಎಂದಿನಂತೆ ಕೊಡಬೇಕೇ ಎಂದು ವೈದ್ಯರನ್ನು ಸ್ಪಷ್ಟವಾಗಿ ಕೇಳಿ, ಗಂಟೆ ಸಮೇತ ಬರೆಸಿಕೊಳ್ಳಿ.

ತಪ್ಪು ಹೇಗಾಯಿತು ಎಂದು ಹುಡುಕುವುದೂ ಚಿಕಿತ್ಸೆಯ ಭಾಗವೇ. ಅಥಣಿ, ಚಿಕ್ಕೋಡಿ ಭಾಗದವರು ಮಿರಜದ ವೈದ್ಯರಲ್ಲಿ ತೋರಿಸಿ ಒಂದು ಕಂಪನಿಯ ಗುಳಿಗೆ ತಂದಿರುತ್ತಾರೆ, ಅದು ಮುಗಿದಾಗ ಊರಿನ ಮೆಡಿಕಲ್ಲಿನಲ್ಲಿ ಅದೇ ಔಷಧ ಬೇರೆ ಹೆಸರಿನಲ್ಲಿ ಸಿಗುತ್ತದೆ, ಹಳೆಯ ಸ್ಟ್ರಿಪ್ಪಿನಲ್ಲಿ ಉಳಿದದ್ದೂ ಹೊಸದೂ ಒಂದೇ ಡಬ್ಬಿಗೆ ಬಿದ್ದು ಎರಡನ್ನೂ ಕೊಡಲಾಗುತ್ತದೆ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಮೂಲ ಹೆಸರನ್ನು ಹೋಲಿಸಿ ನೋಡುವವರೆಗೆ ಇದು ತಿಳಿಯುವುದಿಲ್ಲ. ನುಂಗಲು ಕಷ್ಟವೆಂದು ಸಿ.ಆರ್. ಗುಳಿಗೆಯನ್ನು ಕುಟ್ಟಿ ಪುಡಿಮಾಡಿದರೆ ಹಲವು ಗಂಟೆಗಳಲ್ಲಿ ಬಿಡುಗಡೆಯಾಗಬೇಕಾದ ಔಷಧ ಬೇಗನೆ ಮೈಗೆ ಸೇರುತ್ತದೆ. ಶಕ್ತಿ ಬರಲೆಂದು ಕೊಡುವ ನಸುಗುನ್ನಿ ಬೀಜದ ಪುಡಿಯಲ್ಲಿ ಸಹಜವಾಗಿಯೇ ಲೆವೋಡೋಪಾ ಇದೆ. ಅದನ್ನು ಗುಳಿಗೆಯ ಜೊತೆ ಸೇರಿಸುತ್ತಿರುವ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು.

ಇನ್ನೊಂದು ಕಾರಣ ಊಟದ ತಟ್ಟೆಯಲ್ಲಿದೆ. ಜುಣಕ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಹೊಟ್ಟೆತುಂಬ ಉಂಡ ಮೇಲೆ ನುಂಗಿದ ಲೆವೋಡೋಪಾ, ಅವುಗಳಲ್ಲಿನ ಪ್ರೋಟೀನಿನೊಂದಿಗೆ ಪೈಪೋಟಿ ನಡೆಸಬೇಕಾಗಿ ತಡವಾಗಿ, ಕಡಿಮೆಯಾಗಿ ಕೆಲಸ ಮಾಡುತ್ತದೆ. ಮಲಬದ್ಧತೆ ಇದ್ದವರಲ್ಲೂ ತಡವಾಗಬಹುದು. ಗುಳಿಗೆ ಹತ್ತಲಿಲ್ಲವೆಂದು ಇನ್ನೊಂದು ನುಂಗುತ್ತಾರೆ, ಸ್ವಲ್ಪ ಹೊತ್ತಿಗೆ ಎರಡೂ ಒಟ್ಟಿಗೆ ಹತ್ತುತ್ತವೆ. ವೈದ್ಯರು ಬೇರೆ ಹೇಳದಿದ್ದರೆ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವ ರೂಢಿ ಮಾಡಿ. ನುಂಗಿದ್ದಾರೋ ಇಲ್ಲವೋ ಎಂಬ ಅನುಮಾನ ಬಂದರೆ ಮತ್ತೆ ಕೊಡದೆ ಮುಂದಿನ ಹೊತ್ತಿಗೆ ಕಾಯುವುದು ಸುರಕ್ಷಿತ.

ಗುಳಿಗೆ ಕೊಡುವ ಜವಾಬ್ದಾರಿ ಒಬ್ಬರದೇ ಇರಲಿ, ಅವರಿಲ್ಲದ ದಿನ ಯಾರು ಎಂಬುದು ಮೊದಲೇ ಗೊತ್ತಿರಲಿ. ಕೊಟ್ಟ ಕೂಡಲೇ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಗಂಟೆ ಬರೆದು ಗೀಟು ಹಾಕಿದರೆ, "ಅಪ್ಪಾರಿಗೆ ಗುಳಿಗಿ ಕೊಟ್ಟೀಯೇನವಾ?" ಎಂದು ಕೇಳುವ ಮೊದಲೇ ಉತ್ತರ ಗೋಡೆಯ ಮೇಲಿರುತ್ತದೆ. ಹಿರಿಯರೇ ಕದ್ದುಮುಚ್ಚಿ ಹೆಚ್ಚು ಹೆಚ್ಚು ಗುಳಿಗೆ ನುಂಗುತ್ತಿದ್ದರೆ ಅದನ್ನು ಹಠವೆಂದು ಬೈಯಬೇಡಿ. ಲೆವೋಡೋಪಾ ಬೇಕುಬೇಕೆನ್ನುವ ಈ ಸೆಳೆತ ಕೆಲವು ರೋಗಿಗಳಲ್ಲಿ ಔಷಧದಿಂದಲೇ ಹುಟ್ಟುತ್ತದೆ. ಸ್ಟ್ರಿಪ್‌ಗಳನ್ನು ಕಪಾಟಿನಲ್ಲಿ ಬೀಗ ಹಾಕಿಟ್ಟು, ಮುಂದಿನ ತಪಾಸಣೆಯವರೆಗೆ ಕಾಯದೆ ನರರೋಗ ತಜ್ಞರಿಗೆ ತಿಳಿಸಿದರೆ ಅವರು ಪ್ರಮಾಣ ಮತ್ತು ಹೊತ್ತುಗಳನ್ನು ಬದಲಿಸಿಕೊಡುತ್ತಾರೆ.