ಜೋಳದ ದಂಟು ಹಿಡಿದು ಘನಾಕೃತಿ ಕಲಿಸಿದ್ದು

ಬೋರ್ಡ್ ಮೇಲೆ ಒಂದು ಘನ ಬರೆದು ನೋಡಿ. ಕಣ್ಣಿಗೆ ಬೀಳುವುದು 3 ಮುಖ, 9 ಅಂಚು, 7 ಮೂಲೆ ಮಾತ್ರ. ಉಳಿದ 3 ಮುಖ, 3 ಅಂಚು, ಒಂದು ಮೂಲೆ ಹಿಂದೆ ಅಡಗಿರುತ್ತವೆ. ಚುಕ್ಕೆ ಗೆರೆ ಹಾಕಿ ತೋರಿಸಿದರೆ ನಾಲ್ಕನೇ ತರಗತಿಯ ಮಕ್ಕಳಿಗೆ ಗೋಜಲು ಇನ್ನೂ ಜಾಸ್ತಿ. ಕೊನೆಗೆ ‘6 ಮುಖ, 12 ಅಂಚು, 8 ಶೃಂಗ’ ಅಂತ ಬಾಯಿಪಾಠ ಮಾಡುತ್ತಾರೆ (ಶೃಂಗ ಅಂದರೆ ಮೂಲೆ). ಪರೀಕ್ಷೆ ಮುಗಿದ ಮೇಲೆ ಕೇಳಿದರೆ 12 ಯಾವುದು, 8 ಯಾವುದು ಅದಲುಬದಲು. ಮಗು ತನ್ನ ಕೈಯಿಂದ ಕಟ್ಟಿದ ಆಕೃತಿಯನ್ನು ಮಾತ್ರ ಸರಿಯಾಗಿ ಎಣಿಸುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ನಾನು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆಯ ಒಂದು ಸರಕಾರಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮದು ಎರೆ ಭೂಮಿ, ಹಿಂಗಾರಿ ಜೋಳದ ಸೀಮೆ. ಯಾರ ಹಿತ್ತಲಿಗೆ ಹೋದರೂ ಕಣಿಕೆ ಬಣವೆ ಸಿಗುತ್ತದೆ. ದಂಟಿನ ಬೆಂಡಿನಲ್ಲಿ ಬಂಡಿ ಮಾಡಿ ಎಳೆಯುವುದು ಇಲ್ಲಿನ ಮಕ್ಕಳಿಗೆ ಅಜ್ಜಂದಿರಿಂದ ಬಂದ ಆಟ. ಅದನ್ನೇ ಗಣಿತದ ಪೀರಿಯಡ್‌ಗೆ ತಂದುಕೊಂಡೆ.

ಮೊದಲು ಮುಖ ಗೊತ್ತಾಗಬೇಕು. ಕೆಮ್ಮಣ್ಣನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ತಟ್ಟೆಗೆ ಹಾಕುತ್ತೇನೆ. ಮಕ್ಕಳು ಕಡ್ಡಿಪೆಟ್ಟಿಗೆಯ ಒಂದೊಂದೇ ಮುಖವನ್ನು ಅದ್ದಿ ಹಳೇ ಪೇಪರ್ ಮೇಲೆ ಒತ್ತುತ್ತಾರೆ. ಆರು ಅಚ್ಚು ಮೂಡುತ್ತವೆ, ಆದರೆ ಅಳತೆ ಮೂರೇ ಥರ, ಒಂದೊಂದೂ ಎರಡೆರಡು ಸಲ. ಎದುರುಬದುರು ಮುಖಗಳು ಒಂದೇ ಸಮ ಅನ್ನುವುದನ್ನು ನಾನು ಹೇಳುವ ಮೊದಲೇ ಅವರು ಹೇಳುತ್ತಾರೆ. ಘನದ್ದು ಆರೂ ಒಂದೇ ಚೌಕ. ಡಬ್ಬಿಯ ತಳ ಒತ್ತಿದರೆ ವೃತ್ತ. ಚೆಂಡು ಒತ್ತಿದರೆ ಸಣ್ಣ ಚುಕ್ಕೆ ಅಷ್ಟೇ, ಅದಕ್ಕೆ ಸಪಾಟ ಮುಖವೇ ಇಲ್ಲ ಅಲ್ವಾ.

ಆಮೇಲೆ ದಂಟು. ಒಣಗಿದ ದಂಟನ್ನು ನಾನೇ ಸೀಳಿ ಕೊಡುತ್ತೇನೆ, ಯಾಕೆಂದರೆ ಅದರ ಸಿಪ್ಪೆ ಬ್ಲೇಡಿನಂತೆ ಬೆರಳು ಕುಯ್ಯುತ್ತದೆ. ಒಳಗಿನ ಬೆಂಡನ್ನು ಚಿಕ್ಕ ಚಿಕ್ಕ ತುಂಡು ಮಾಡಿದರೆ ಅದೇ ಶೃಂಗ. ಸಿಪ್ಪೆಯ ಸೀಳು, ಇಲ್ಲವೇ ಕಸಬರಿಗೆ ಕಡ್ಡಿ, ಅಂಚು. ಬೆಂಡಿಗೆ ಕಡ್ಡಿ ಚುಚ್ಚಿದರೆ ಹಿಡಿದು ನಿಲ್ಲುತ್ತದೆ, ಅಂಟು ಬೇಡ. ನನ್ನ ನಿಯಮ ಒಂದೇ: ಎಷ್ಟು ಬೆಂಡು, ಎಷ್ಟು ಕಡ್ಡಿ ಬೇಕು ಅಂತ ಲೆಕ್ಕ ಹಾಕಿ ಕೇಳಬೇಕು. ಕೇಳಿದಷ್ಟೇ ಕೊಡುತ್ತೇನೆ. ಘನಕ್ಕೆ ಏಳು ಬೆಂಡು ಕೇಳಿದ ಗುಂಪು ಕಟ್ಟುತ್ತಾ ಹೋಗಿ ಕೊನೆಯ ಮೂಲೆಗೆ ಬಂದು ನಿಲ್ಲುತ್ತದೆ. ಚಿತ್ರದಲ್ಲಿ ಅಡಗಿದ್ದ ಎಂಟನೆಯ ಮೂಲೆ ಅಲ್ಲಿ ಸಿಗುತ್ತದೆ. ಪ್ರತಿ ಬೆಂಡಿಗೆ ಮೂರು ಕಡ್ಡಿ ಸೇರುತ್ತವೆ, 8 ಮೂರಲೆ 24. ಪ್ರತಿ ಕಡ್ಡಿಗೆ ಎರಡು ತುದಿ, ಹಾಗಾಗಿ ಕಡ್ಡಿ 12. ಇದನ್ನು ಮಾತಿನಲ್ಲಿ ವಿವರಿಸುವುದು ಕಷ್ಟ, ಬೆಂಡು ಮುಟ್ಟಿ ತೋರಿಸಿದರೆ ಐದನೇ ತರಗತಿಯ ಮಕ್ಕಳಿಗೆ ಸಲೀಸು.

ನನಗೆ ತುಂಬಾ ಇಷ್ಟವಾದದ್ದು ಇದರ ಮುಂದಿನ ಭಾಗ. ಕಟ್ಟಿದ ಘನ ನೆಟ್ಟಗೆ ನಿಲ್ಲುವುದಿಲ್ಲ, ಒಂದು ಕಡೆ ವಾಲುತ್ತದೆ. ಪಕ್ಕದ ಗುಂಪಿನ ತ್ರಿಕೋನದ ಪಿರಮಿಡ್ ಬರೀ 4 ಬೆಂಡು, 6 ಕಡ್ಡಿಯಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಯಾಕೆ? ಚೌಕವನ್ನು ಒತ್ತಿದರೆ ಓರೆಯಾಗುತ್ತದೆ, ಕಡ್ಡಿಯ ಉದ್ದ ಮಾತ್ರ ಅಷ್ಟೇ ಇರುತ್ತದೆ. ತ್ರಿಕೋನ ಕಡ್ಡಿ ಮುರಿಯುವ ತನಕ ಆಕಾರ ಬಿಡುವುದಿಲ್ಲ. ಹೊಲದಲ್ಲಿ ನಿಂತ ಕರೆಂಟ್ ಟವರ್ ತುಂಬಾ ತ್ರಿಕೋನಗಳೇ ಇರುವುದು ಇದಕ್ಕೇ. ಒಬ್ಬ ಹುಡುಗ ತನ್ನ ಘನದ ಮುಖಗಳಿಗೆ ಮೂಲೆಯಿಂದ ಮೂಲೆಗೆ ಅಡ್ಡ ಕಡ್ಡಿ ಕೊಟ್ಟು ಗಟ್ಟಿ ಮಾಡಿದ. ತಕ್ಷಣ ಇನ್ನೊಬ್ಬಳು ಎದ್ದಳು: “ಟೀಚರ್‌ರೀ, ಈಗ ಅಂಚು ಹನ್ನೆರಡಕ್ಕಿಂತ ಜಾಸ್ತಿ ಆದ್ವಲ್ರೀ?” ತರಗತಿಯಲ್ಲಿ ಜೋರು ವಾದ ನಡೆಯಿತು. ಮುಖಗಳಿಗೆ ಪೇಪರ್ ಹಚ್ಚಿ ನೋಡಿ ಅಂದೆ. ಹಚ್ಚಿದ ಮೇಲೆ ಅಡ್ಡ ಕಡ್ಡಿ ಪೇಪರಿನ ನಡುವೆ ಬಿತ್ತು, ನಿಜವಾದ ಅಂಚಿನಲ್ಲಿ ಎರಡು ಪೇಪರ್ ಕೂಡಿದವು. ಎರಡು ಮುಖ ಕೂಡುವ ಕಡೆ ಅಂಚು. ಈ ಮಾತು ಅವರಿಂದಲೇ ಬಂತು.

ಸಿಲಿಂಡರ್ ಕಟ್ಟಿ ಅಂದಾಗ ಎಲ್ಲರ ಕೈ ನಿಂತಿತು. “ಇದಕ ಮೂಲಿನ ಇಲ್ಲ, ಬೆಂಡು ಎಲ್ಲಿ ಹಚ್ಚೂದ್ರೀ?” ಆ ಪ್ರಶ್ನೆಯಲ್ಲೇ ಉತ್ತರ ಇದೆ. ಸಿಲಿಂಡರಿಗೆ ಎರಡು ಸಪಾಟ ಮುಖ, ಒಂದು ಬಾಗಿದ ಮುಖ, ಶೃಂಗ ಇಲ್ಲ. ಶಂಕುವಿಗೆ ಒಂದು ಸಪಾಟ, ಒಂದು ಬಾಗಿದ ಮುಖ, ಒಂದು ತುದಿ. ಇವುಗಳನ್ನು ಎರೆಮಣ್ಣಿನಲ್ಲಿ ಮಾಡಿ ಹಲಗೆ ಮೇಲೆ ಉರುಳಿಸಿದೆವು. ಗೋಳ ಯಾವ ಕಡೆಗಾದರೂ ಉರುಳುತ್ತದೆ. ಸಿಲಿಂಡರ್ ಮಲಗಿಸಿದರೆ ಮಾತ್ರ, ಅದೂ ನೆಟ್ಟಗೆ. ಶಂಕು ಸಮತಟ್ಟು ನೆಲದಲ್ಲಿ ತನ್ನ ತುದಿಯ ಸುತ್ತ ಗಾಣದ ಎತ್ತಿನ ಹಾಗೆ ತಿರುಗುತ್ತದೆ.

ನಮ್ಮ ಹತ್ತಿರದ ಇಟಗಿಯ ಮಹಾದೇವ ದೇವಾಲಯಕ್ಕೆ ಹೋಗುವ ಅವಕಾಶ ಇದ್ದರೆ ಬಿಡಬೇಡಿ. ಕಲ್ಯಾಣ ಚಾಲುಕ್ಯರ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಅಲ್ಲಿನ ಕಡೆದ ಕಂಬಗಳಲ್ಲಿ ಎಲ್ಲಿ ಅಂಚು ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಅಂತ ಮಕ್ಕಳು ಮೇಲಿಂದ ಕೆಳಗೆ ಹುಡುಕಲಿ.

ದೊಡ್ಡ ತರಗತಿಯವರಿಗೆ ಒಂದು ಪಟ್ಟಿ ಬರೆಸುತ್ತೇನೆ. ಮುಖ ಮತ್ತು ಶೃಂಗ ಕೂಡಿಸಿ, ಅಂಚು ಕಳೆಯಿರಿ. ಘನ: 6+8−12. ಚೌಕ ತಳದ ಪಿರಮಿಡ್: 5+5−8. ತ್ರಿಕೋನ ಪಟ್ಟಕ (ಎರಡು ತುದಿಗೂ ತ್ರಿಕೋನ, ಪಕ್ಕಕ್ಕೆ ಮೂರು ಆಯತ): 5+6−9. ಪ್ರತಿ ಸಲ 2. ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1750ರಲ್ಲಿ ಇನ್ನೊಬ್ಬ ಗಣಿತಜ್ಞ ಗೋಲ್ಡ್‌ಬಾಕ್‌ಗೆ ಬರೆದ ಪತ್ರದಲ್ಲಿ ಹೇಳಿದ ಸಂಬಂಧ ಇದು. ಇದನ್ನು ಸಪಾಟ ಮುಖಗಳ ಆಕೃತಿಗಳಿಗೆ ಮಾತ್ರ ಹೇಳಿಕೊಡಿ, ಶಂಕುವಿಗೆ ಹಚ್ಚಲು ಹೋಗಬೇಡಿ.

ಜಾಲಾಕೃತಿಗೆ, ಅಂದರೆ ಮಡಚಿದರೆ ಘನಾಕೃತಿಯಾಗುವ ಸಪಾಟ ಹಾಳೆಯ ಆಕಾರಕ್ಕೆ, ರಟ್ಟಿನ ಡಬ್ಬಿ ಬಿಚ್ಚಿಸಿದರೆ ಸಾಕು. ಆರು ಚೌಕಗಳನ್ನು ಅಂಚಿಗೆ ಅಂಚು ಕೂಡಿಸಲು 35 ರೀತಿಗಳಿವೆ, ಮಡಚಿದಾಗ ಘನವಾಗುವುದು 11 ಮಾತ್ರ. ಇದು ಮನೆಗೆಲಸಕ್ಕೆ ಚೆನ್ನಾಗಿರುತ್ತದೆ.

ಪರೀಕ್ಷೆಗೆ ನಾನು ಚಿತ್ರ ಕೊಡುವುದಿಲ್ಲ. ಬಟ್ಟೆ ಚೀಲದೊಳಗೆ ಒಂದು ವಸ್ತು ಇಟ್ಟಿರುತ್ತೇನೆ. ಮಗು ಒಳಗೆ ಕೈ ಹಾಕಿ, ನೋಡದೆ, ಎಷ್ಟು ಮುಖ, ಎಷ್ಟು ಅಂಚು, ಎಷ್ಟು ಮೂಲೆ ಅಂತ ಹೇಳಬೇಕು. ಹೆಸರನ್ನು ಉಳಿದವರು ಹೇಳಬೇಕು. ಹೆಸರು ತಪ್ಪಿದರೆ ಚೀಲ ಮುಂದಿನವರ ಕೈಗೆ ಹೋಗುತ್ತದೆ.